ಡಬ್ಬಿಯೊಳಗೆ ಡಬ್ಬಿ ಇಟ್ಟ ಸಿದ್ಲಿಂಗ

ಕೇಳ್ರಪ್ಪ, ಕೇಳ್ರವ್ವ. ನಗು ಬಂದ್ರೆ ನಗಿ. ಆದ್ರೆ ನಂಜಮ್ಮನ ಮುಂದೆ ಮಾತ್ರ ನಗಬೇಡಿ, ಸೌಟು ತಗೊಂಡು ಬರ್ತಾಳೆ.

ಕುಣಿಗಲ್ ಪೇಟೇಲಿ ಒಬ್ಬಳು ತಾಯಿ, ಅವಳಿಗೆ ಒಬ್ಬನೇ ಮಗ. ತಾಯಿ ನಂಜಮ್ಮ, ಅಡುಗೆ ಕಾಂಟ್ರಾಕ್ಟಿನವಳು. ಮದುವೆ ಇರಲಿ, ನಾಮಕರಣ ಇರಲಿ, ತಿಥಿ ಇರಲಿ, ಒಲೆ ಹೂಡೋದು ನಂಜಮ್ಮನೇ. ಅವಳ ಸಾರು ಉಂಡವರು ಎಲೆ ಮುಂದೆ ಕೂತೇ ಮುಂದಿನ ಮದುವೆ ಆರ್ಡರು ಕೊಡ್ತಿದ್ರು. ಮಗ ಸಿದ್ಲಿಂಗ. ಅವನ ವಿಷಯ ಏನಂತ ಹೇಳಲಿ! "ಬಾಗಿಲ ಕಡೆ ಒಂದು ಕಣ್ಣಿಟ್ಟಿರು" ಅಂದ್ರೆ ಇನ್ನೊಂದು ಕಣ್ಣು ಮುಚ್ಚಿಕೊಂಡು ಸಂಜೆತನಕ ಕೂತಿದ್ದವನು. "ಕಡ್ಲೆಬೇಳೆ ಆರಿಸಿ ಎಸಿ" ಅಂದ್ರೆ ಒಳ್ಳೆ ಬೇಳೇನೆಲ್ಲ ಆರಿಸಿ ಆರಿಸಿ ಎಸೆದವನು.

"ಇವನನ್ನ ಹೆತ್ತ ಹೊತ್ತಲ್ಲಿ ಒಂದು ಒರಳುಕಲ್ಲು ಹೆತ್ತಿದ್ರೆ ಚಟ್ನಿನಾದ್ರೂ ರುಬ್ಬಬಹುದಿತ್ತು!" ಅಂತ ನಂಜಮ್ಮ ಹಣೆ ಚಚ್ಚಿಕೊಳ್ತಿದ್ಲು.

ಇಂಥವನು ತುಮಕೂರಿಗೆ ಹೋಗಿ ಕಂಪ್ಯೂಟರಿನ ಕೋಡ್ ಬರೆಯೋದು ಕಲಿತು ಬಂದ. ಅದು ಹೆಂಗೋ ಬಂದ್ಬಿಡ್ತು ಅವನಿಗೆ. ಕಂಪ್ಯೂಟರೂ ಹೇಳಿದ್ದಷ್ಟೇ ಮಾಡ್ತದೆ, ಇವನೂ ಹೇಳಿದ್ದಷ್ಟೇ ಮಾಡ್ತಾನೆ. ಇಬ್ಬರಿಗೂ ಬಲು ಸ್ನೇಹ.

ಬಂದವನೇ ಅವ್ವನ ಕೆಲಸಕ್ಕೆ ಅಂತ ಒಂದು ಪ್ರೋಗ್ರಾಮು ಬರೆದ.

"ನೋಡವ್ವ, ಒಂದೊಂದು ಮನೆ ಆರ್ಡರಿಗೂ ಒಂದೊಂದು ದೊಡ್ಡ ಡಬ್ಬ. ಡಬ್ಬದೊಳಗೆ ಸಾರಿನ ಡಬ್ಬಿ, ಪಲ್ಯದ ಡಬ್ಬಿ, ಪಾಯಸದ ಡಬ್ಬಿ. ಸಾರಿನ ಡಬ್ಬಿಯೊಳಗೆ ಇನ್ನೂ ಸಣ್ಣ ಡಬ್ಬಿ: ಬೇಳೆ, ಹುಣಸೆ, ಉಪ್ಪು, ಖಾರ."

"ಎಲ್ಲೋ ಡಬ್ಬಿ? ಒಂದೂ ಕಾಣಲ್ವಲ್ಲೋ!"

"ಕೋಡಿನೊಳಗೆ ಅವೆ ಕಣವ್ವ. ಇಲ್ಲಿ ಒಂದು ಡಬ್ಬಿ ಅಲ್ಲಾಡಿಸಿದ್ರೆ ಅಲ್ಲಿ ದೊಡ್ಡರಂಗನ ಫೋನಿಗೆ ತಾನಾಗೇ ಹೋಗ್ತೈತೆ."

ದೊಡ್ಡರಂಗ ಅಂದ್ರೆ ನಂಜಮ್ಮನ ಹಿರೇ ಅಡುಗೆಯವನು. ಅವನಿಗೆ ಮೊದಲೆಲ್ಲ ಸ್ವಂತ ಬುದ್ಧಿ ಇತ್ತು. ಒಂದು ಸಲ ಯಾರೋ ಕೇಳಿದ್ರು ಅಂತ ಬಿಸಿಬೇಳೆಬಾತಿಗೆ ಇದ್ದಬದ್ದ ಗೋಡಂಬೀನೆಲ್ಲ ಸುರಿದು ನಂಜಮ್ಮನ ಹತ್ರ ಉಗಿಸಿಕೊಂಡಿದ್ದ. "ಇನ್ಮೇಲೆ ಫೋನಲ್ಲಿ ಏನು ಬರ್ತೈತೋ ಅದನ್ನೇ ಮಾಡು! ನಿನ್ನ ಬುದ್ಧೀನ ಮನೇಲಿಟ್ಟು ಬಾ!" ಅಂದಿದ್ಲು. ಅವನೂ ಅವತ್ತಿಂದ ಬುದ್ಧೀನ ಮನೇಲಿಟ್ಟೇ ಬರ್ತಿದ್ದ.

ಈಗ ಕೇಳಿ.

ಹನುಮೇಗೌಡರ ಮಗಳ ಮದುವೆ ಬಂತು. ಅದೇ ದಿನ ಪೋಸ್ಟ್‌ಮಾಸ್ಟರ ಮನೇಲಿ ಸೀಮಂತ. ಈರುಳ್ಳಿ ಮೂಟೆ ಬಿಚ್ಚಿಸ್ತಾ ನಂಜಮ್ಮ ಕೂಗಿದಳು: "ಲೋ ಸಿದ್ಲಿಂಗ! ಗೌಡ್ರ ಮದುವೇಲಿ ಶಾವಿಗೆ ಪಾಯಸ ಐತಲ್ಲ, ಅದನ್ನ ತಗೊಂಡು ಸೀಮಂತಕ್ಕೆ ಹಾಕು!"

"ಸರಿ ಕಣವ್ವ, ಹಂಗೇ ಮಾಡ್ತೀನಿ."

ತಗೊಂಡ. ಹಾಕಿದ.

ಸೀಮಂತದ ಮನೇಲಿ ಬಸುರಿ ಹೆಣ್ಣು ಕೇಳಿ ಕೇಳಿ ಪಾಯಸ ಹಾಕಿಸಿಕೊಂಡಳು. ಅತ್ಲಾಗೆ ಮದುವೆ ಛತ್ರದಲ್ಲಿ ಕೋಸಂಬರಿ ಬಂತು, ಪಲ್ಯ ಬಂತು, ಅನ್ನ ಬಂತು, ಮಜ್ಜಿಗೇನೂ ಬಂತು. ಪಾಯಸ ಬರಲಿಲ್ಲ! ಗಂಡಿನ ಸೋದರಮಾವ ಎಲೆಯಲ್ಲಿ ಜಾಗ ಬಿಟ್ಟುಕೊಂಡು ಕಾದ, ಕಾದ, ಕಾದ.

"ಪಾಯಸ ಎಲ್ರೀ?"

"ಫೋನಲ್ಲಿ ಬರಲಿಲ್ಲ ಸ್ವಾಮಿ" ಅಂದ ದೊಡ್ಡರಂಗ.

"ಬಾಯಿ ಸಿಹಿ ಮಾಡದೆ ಹೆಣ್ಣು ಕಳಿಸ್ತೀರಾ? ಬೀಗರಿಗೆ ಇದೇನಾ ಮರ್ಯಾದೆ?" ಅಂತ ಎಲೆ ಮಡಚಿ ಎದ್ದ. ಅವನ ಹಿಂದೆ ಒಂದು ಪಂಕ್ತಿಗೆ ಪಂಕ್ತೀನೇ ಎದ್ದಿತು. ಹನುಮೇಗೌಡರು ಬಾಗಿಲಿಗೆ ಅಡ್ಡ ನಿಂತು, ಸಕ್ಕರೆ ಹಂಚಿ, ಕಾಲಿಗೆ ಬಿದ್ದು ಕೂರಿಸಬೇಕಾಯ್ತು.

ನಂಜಮ್ಮ ಮನೆಗೆ ಬಂದವಳೇ, "ಪಾಯಸ ಎಲ್ಲೋ ಹೋಯ್ತು, ಮುಂಡೇದೇ?"

"ಸೀಮಂತಕ್ಕೆ ಹೋಯ್ತು. ತಗೊಂಡು ಹಾಕು ಅಂತ ನೀನೇ ಅಂದ್ಯಲ್ಲವ್ವ! ತಗೊಂಡ ಮೇಲೆ ಅಲ್ಲಿ ಹೆಂಗೆ ಉಳೀತೈತೆ?"

"ಅಯ್ಯೋ ನನ್ನ ಕರ್ಮವೇ! ತೆಗೆಯೋದಲ್ಲ ಕಣ್ಲಾ! ಇಲ್ಲಿರೋದು ಇಲ್ಲೇ ಇರಬೇಕು, ಅಲ್ಲೂ ಅದೇ ಇರಬೇಕು! ತಿಳೀತಾ?"

"ತಿಳೀತು ಕಣವ್ವ. ಇಲ್ಲಿರೋದು ಇಲ್ಲೇ, ಅಲ್ಲೂ ಅದೇ."

ಸ್ವಲ್ಪ ದಿನಕ್ಕೆ ಲಾರಿ ಮಾಲೀಕ ಮರಿಯಪ್ಪನ ಗೃಹಪ್ರವೇಶ ಬಂತು. ಅವತ್ತೇ ರಿಟೈರ್ಡ್ ತಹಶೀಲ್ದಾರರಿಗೆ ಅರವತ್ತು ತುಂಬಿದ ಶಾಂತಿ. "ಮರಿಯಪ್ಪಂಗೆ ಹಾಕಿರೋ ತೊಗರಿಬೇಳೆ ಸಾರನ್ನೇ ತಹಶೀಲ್ದಾರ್ರಿಗೂ ಮಾಡು" ಅಂದಳು ನಂಜಮ್ಮ.

ಸಿದ್ಲಿಂಗ ಏನು ಮಾಡಿದ? ಸಾರಿನ ಡಬ್ಬಿ ಒಂದೇ. ಅದಕ್ಕೆ ಮರಿಯಪ್ಪನ ಮನೆಯಿಂದ ಒಂದು ಬಾಗಿಲು, ತಹಶೀಲ್ದಾರರ ಮನೆಯಿಂದ ಇನ್ನೊಂದು ಬಾಗಿಲು. ಇಲ್ಲಿರೋದು ಇಲ್ಲೇ, ಅಲ್ಲೂ ಅದೇ! ಅವ್ವ ಹೇಳಿದಂಗೇ!

ಹಿಂದಿನ ದಿನ ತಹಶೀಲ್ದಾರರ ಹೆಂಡತಿ ಫೋನ್ ಮಾಡಿದ್ರು. "ನಂಜಮ್ಮ, ನಮ್ಮ ಯಜಮಾನ್ರಿಗೆ ಬೀಪಿ. ಸಾರಿಗೆ ಉಪ್ಪೂ ಬೇಡ, ಖಾರಾನೂ ಬೇಡ." ನಂಜಮ್ಮ ಮಗನಿಗೆ ಹೇಳಿದಳು. ಮಗ ತಹಶೀಲ್ದಾರರ ಬಾಗಿಲಿಂದ ಒಳಗೆ ಹೋಗಿ ಉಪ್ಪಿನ ಡಬ್ಬಿ ಎತ್ತಿ ಎಸೆದ, ಖಾರದ ಡಬ್ಬಿ ಎತ್ತಿ ಎಸೆದ.

ಮರಿಯಪ್ಪನ ಹೊಸ ಮನೇಲಿ ಲಾರಿ ಡ್ರೈವರುಗಳು, ಕ್ಲೀನರುಗಳು, ಹಮಾಲರು, ಹಸಿದು ಕೂತಿದ್ರು. ಅನ್ನದ ಮೇಲೆ ಸಾರು ಬಿತ್ತು. ಕಲಸಿ ಒಂದು ತುತ್ತು ಬಾಯಿಗಿಟ್ಟರು. ಒಬ್ಬರ ಮುಖ ಒಬ್ಬರು ನೋಡಿದ್ರು.

"ಏನಣ್ಣ ಇದು, ಬೇಳೆ ತೊಳೆದ ನೀರಾ?"

"ಇದು ಗೃಹಪ್ರವೇಶವೋ ಆಸ್ಪತ್ರೆಯೋ?"

ಮರಿಯಪ್ಪ ನಂಜಮ್ಮನ್ನ ಕರೆದು ಸಾರಿನ ಹಂಡೆ ಮುಂದೆ ನಿಲ್ಲಿಸಿದ. "ಕುಡಿಯಮ್ಮ. ನೀನೇ ಒಂದು ಲೋಟ ಕುಡಿ." ನಂಜಮ್ಮ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಅವಳು ಮಾಡಿಸಿದ ಸಾರನ್ನ ಅವಳಿಂದಲೇ ನುಂಗೋಕೆ ಆಗಲಿಲ್ಲ. ಜೀವಮಾನದಲ್ಲಿ ಅವಳಿಗೆ ಅಂಥ ಅವಮಾನ ಆಗಿರಲಿಲ್ಲ.

"ಲೇ! ತಹಶೀಲ್ದಾರ್ರ ಸಾರಲ್ಲಿ ಉಪ್ಪು ತೆಗಿ ಅಂದ್ರೆ ಮರಿಯಪ್ಪಂದು ಯಾಕ್ಲಾ ತೆಗೆದೆ?"

"ಮರಿಯಪ್ಪಂದು ನಾನು ಮುಟ್ಟೇ ಇಲ್ಲ ಕಣವ್ವ! ಡಬ್ಬಿ ಒಂದೇ, ಬಾಗಿಲು ಎರಡು. ಅಲ್ಲೂ ಅದೇ ಇರಬೇಕು ಅಂತ ನೀನೇ ಅಂದ್ಯಲ್ಲ!"

"ನಿನ್ನ ಬಾಗಿಲಿಗೆ ಬೆಂಕಿ ಬೀಳ! ಒಬ್ಬರದು ಒಬ್ಬರಿಗೆ ತಗಲಬಾರದು ಕಣೋ! ಮೇಲಿಂದ ಹಿಡಿದು ತಳದ ತನಕ, ಒಳಗಿಂದು ಒಳಗೊಳಗಿಂದು ಎಲ್ಲಾನೂ ಬೇರೆ ನಕಲು ಮಾಡಿಡು! ಒಂದು ಚೂರೂ ಬಿಡಬಾರದು!"

"ಸರಿ ಕಣವ್ವ. ಒಂದು ಚೂರೂ ಬಿಡಲ್ಲ."

ಬಿಡಲಿಲ್ಲ. ಒಂದು ಚೂರೂ ಬಿಡಲಿಲ್ಲ. ಅದೇ ಆಗಿದ್ದು ಪಜೀತಿ.

ಔಷಧಿ ಅಂಗಡಿ ರಾಮಲಿಂಗುಗೆ ಗಂಡು ಮಗು ಹುಟ್ಟಿತ್ತು. ಅವನ ಹೆಂಡತಿ ಬಂದು, "ಅಕ್ಕ, ಮೊನ್ನೆ ಹೊಂಬಾಳಯ್ಯನ ತಿಥೀಲಿ ವಡೆ ತಿಂದೆ, ಬೆಣ್ಣೆ ಇದ್ದಂಗಿತ್ತು. ನಮ್ಮ ನಾಮಕರಣಕ್ಕೂ ಅದೇ ಬೇಕು" ಅಂದಳು. ನಂಜಮ್ಮನ ಮುಖ ಅರಳಿತು. ಎಷ್ಟು ದಿನ ಆಗಿತ್ತೋ ಒಳ್ಳೆ ಮಾತು ಕೇಳಿ! ಆ ಖುಷೀಲೇ ಕೂಗಿದಳು: "ಸಿದ್ಲಿಂಗಾ, ಹೊಂಬಾಳಯ್ಯನ ತಿಥೀದು ನಾಮಕರಣಕ್ಕೆ ನಕಲು ಮಾಡು! ವಡೆ ಚೆನ್ನಾಗಿತ್ತಂತೆ!"

ಮಗ ಮಾಡಿದ. ಮೇಲಿಂದ ತಳದ ತನಕ.

ನಂಜಮ್ಮ ಬೇರೆ ಕಡೆ ಒಂದು ಮದುವೆ ಅಡುಗೆ ಮುಗಿಸಿಕೊಂಡು ನಾಮಕರಣದ ಮನೆಗೆ ಬರೋ ಹೊತ್ತಿಗೆ ಊಟದ ಸಮಯ. ಬಾಗಿಲಲ್ಲೇ ತಲೆ ಎತ್ತಿ ನೋಡಿದಳು. ಮಾಳಿಗೆ ಮೇಲೆ ದೊಡ್ಡರಂಗ ಎಲೆ ಹಾಸಿ ಅನ್ನ ವಡೆ ಇಟ್ಟು, "ಕಾ... ಕಾ... ಬಾ..." ಅಂತ ಕಾಗೆ ಕರೀತಾ ಇದ್ದಾನೆ! ಒಳಗೆ ತೊಟ್ಟಿಲ ಪಕ್ಕದಲ್ಲೇ ಒಂದು ಎಡೆ. ಎಡೆ ಮುಂದೆ ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬಾಟ್ಲಿ! ಹೊಂಬಾಳಯ್ಯ ಬದುಕಿದ್ದಾಗ ಅವೆರಡೂ ಅವನಿಗೆ ಪ್ರಾಣ, ಅದಕ್ಕೆ ಅವನ ತಿಥೀಲಿ ಇಟ್ಟಿದ್ರು. ಈಗ ಹಾಲುಗಲ್ಲದ ಕೂಸಿನ ಮುಂದೆ ಇಟ್ಟವ್ರೆ!

ಇಷ್ಟೇ ಅಂದ್ಕೊಂಡ್ರಾ? ಫೋನಲ್ಲಿ "ಫೋಟೋಗೆ ಹಾರ" ಅಂತಾನೂ ಬಂದಿತ್ತು. ಯಾವ ಫೋಟೋ ಅಂತ ಬಂದಿರಲಿಲ್ಲ. ದೊಡ್ಡರಂಗ ಗೋಡೆ ಮೇಲೆ ನೋಡಿದ. ಮಗುವಿನ ತಾತ ಮುದ್ದಯ್ಯನ ಫೋಟೋ ಇತ್ತು. ಸೇವಂತಿಗೆ ಹಾರ ಹಾಕಿ, ಊದುಕಡ್ಡಿ ಹಚ್ಚಿಬಿಟ್ಟ. ಆ ಫೋಟೋ ಕೆಳಗೇ ಕುರ್ಚಿ ಮೇಲೆ ಮುದ್ದಯ್ಯ ಕೂತಿದ್ದ, ಹೊಸ ಪಂಚೆ ಉಟ್ಟುಕೊಂಡು.

ಮುದುಕ ಹಾರ ನೋಡಿದ. ಊದುಕಡ್ಡಿ ನೋಡಿದ. ಮಾಳಿಗೆ ಮೇಲಿಂದ ಕಾಗೆ ಸದ್ದು ಕೇಳಿಸಿಕೊಂಡ. ಹೆಂಡತಿ ಕಡೆ ತಿರುಗಿ ಮೆಲ್ಲಗೆ ಕೇಳಿದ:

"ನಾನು ಯಾವಾಗ ಹೋದೆನೇ?"

ಅಜ್ಜಿ ಕಿಟಾರನೆ ಕಿರುಚಿ ಮೂರ್ಛೆ ಹೋದಳು. ಮಗು ಅತ್ತಿತು. ರಾಮಲಿಂಗು ಪೊರಕೆ ಹಿಡಿದು ದೊಡ್ಡರಂಗನ್ನ ಅಟ್ಟಿಸಿಕೊಂಡು ಹೋದ. ನಂಜಮ್ಮ ಸೆರಗು ಮುಖಕ್ಕೆ ಎಳೆದುಕೊಂಡು ಹಿತ್ತಲ ಬಾಗಿಲಿಂದ ಮನೆಗೆ ಬಂದು, ಕಂಪ್ಯೂಟರು ಎತ್ತಿಕೊಂಡು ಒಲೆ ಕಡೆ ನಡೆದಳು.

"ಬೇಡ ಕಣವ್ವ! ಬೇಡ ಕಣವ್ವ!" ಅಂತ ಸಿದ್ಲಿಂಗ ಅವಳ ಕಾಲು ತಬ್ಬಿಕೊಂಡ. "ಒಂದು ಚೂರೂ ಬಿಡಬೇಡ ಅಂತ ನೀನೇ ಅಂದ್ಯಲ್ಲವ್ವ!"

ನಂಜಮ್ಮ ಮಗನ ಮುಖ ನೋಡಿದಳು. ಆ ಮುಖದಲ್ಲಿ ತುಂಟತನ ಇದ್ದಿದ್ರೆ ನಾಲ್ಕು ಬಾರಿಸಬಹುದಿತ್ತು. ಅದೂ ಇರಲಿಲ್ಲ. ಹಸುವಿನ ಕರು ನೋಡಿದಂಗೆ ನೋಡ್ತಿದ್ದ. ಅವಳು ಕಂಪ್ಯೂಟರು ಕೆಳಗಿಟ್ಟು, ಅದರ ಪಕ್ಕದಲ್ಲೇ ಕುಸಿದು ಕೂತಳು.

"ಅಪ್ಪಾ, ನನ್ನಪ್ಪಾ, ಕೇಳು. ನಾನು ಯಾವುದರ ಹೆಸರು ಹೇಳ್ತೀನೋ ಅದೊಂದೇ ತಗೋ. ಅದರ ಒಳಗೆ ಏನೈತೆ, ಎತ್ತ ಐತೆ, ನಿಂಗೆ ಬೇಡ. ಒಳಗೆ ಕೈ ಹಾಕಲೇಬೇಡ!"

"ಸರಿ ಕಣವ್ವ. ಒಳಗೆ ಕೈ ಹಾಕಲ್ಲ."

ಅಷ್ಟರಲ್ಲಿ ಆರ್ಡರು ಕಮ್ಮಿ ಆಗಿದ್ವು. ಜನ ದಾರೀಲಿ ಸಿಕ್ಕಿದ್ರೆ, "ಏನು ನಂಜಮ್ಮ, ಕಾಗೆ ಬಂತಾ?" ಅಂತ ಕೇಳೋರು. ಪುಣ್ಯಕ್ಕೆ ಹಾಲಿನ ಸೊಸೈಟಿ ವಾರ್ಷಿಕೋತ್ಸವದ ಊಟ ಒಂದು ಅವಳ ಕೈಲಿ ಉಳಿದಿತ್ತು. ಹೋಳಿಗೆ ಊಟ. ಸೊಸೈಟಿ ಮೆಂಬರುಗಳು ಮನೆಮನೆಯಿಂದ ತುಪ್ಪ ತಂದು ಗಿಂಡಿ ಗಿಂಡಿ ಜೋಡಿಸಿದ್ರು.

"ಹಳೇ ಮದುವೆ ಆರ್ಡರಿಂದ ಹೋಳಿಗೆ ನಕಲು ಮಾಡು. ಹೋಳಿಗೆ! ಹೋಳಿಗೆ ಒಂದೇ!" ಅಂದಳು ನಂಜಮ್ಮ.

ಹೋಳಿಗೆ ಒಂದೇ ಹೋಯ್ತು.

ಎಲೆಗೆ ಬಿತ್ತು. ದೊಡ್ಡದಾಗಿ, ತೆಳ್ಳಗೆ, ಬೆಳ್ಳಗೆ. ಮೆಂಬರುಗಳು ತುಪ್ಪ ಸುರಿದ್ರು. ಅಧ್ಯಕ್ಷರು ಒಂದು ತುಂಡು ಮುರಿದು ಬಾಯಿಗಿಟ್ಟು ಅಗಿದರು. ಇನ್ನೊಂದು ಕಡೆ ಮುರಿದು ನೋಡಿದರು. ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಚೆ ಕಡೆ ಕೂತಿದ್ದ ಕಾರ್ಯದರ್ಶಿ ಮುಖ ಕಾಣ್ತು.

"ಅಮ್ಮಾ ನಂಜಮ್ಮ, ಇದರೊಳಗೆ ಹೂರಣ ಎಲ್ಲಿ?"

ಹೂರಣ ಇಲ್ಲ! ಬರೀ ಕಣಕ! ತುಪ್ಪ ಎಲೆ ತುಂಬ ಹರಿದು ಮಡಿಲಿಗೆ ಬಿತ್ತು. ಅಧ್ಯಕ್ಷರು ಎದ್ದು ಕೈ ತೊಳೆದರು.

"ಹೂರಣ ಇಲ್ಲದೆ ಹೋಳಿಗೆ ಹೆಂಗೋ ಆಗ್ತೈತೆ, ಹಾಳಾದವನೇ?"

"ಹೋಳಿಗೆ ಒಂದೇ ಅಂದ್ಯಲ್ಲವ್ವ! ಒಳಗೆ ಕೈ ಹಾಕಬೇಡ ಅಂದ್ಯಲ್ಲವ್ವ! ಹೊಸ ಆರ್ಡರಲ್ಲಿ ಹೂರಣದ ಡಬ್ಬೀನೇ ಇರಲಿಲ್ಲ, ಇಲ್ಲದ ಡಬ್ಬೀಲಿ ಏನು ಹಾಕಲಿ?"

ನಂಜಮ್ಮನ ತಾಳ್ಮೆ ಅವತ್ತು ಹರಿದುಹೋಯ್ತು. "ಡಬ್ಬಿ ಇಲ್ಲದಿದ್ರೆ ಡಬ್ಬಿ ಹುಟ್ಟಿಸು! ಅದರೊಳಗೆ ಇನ್ನೊಂದು ಇಲ್ಲದಿದ್ರೆ ಅದನ್ನೂ ಹುಟ್ಟಿಸು! ಇಲ್ಲ ಇಲ್ಲ ಅಂತ ಬಾಯಿ ಬಿಟ್ಕೊಂಡು ನಿಂತ್ಕೋಬೇಡ! ಇಲ್ಲದ್ದನ್ನ ಹುಟ್ಟಿಸು!"

"ಸರಿ ಕಣವ್ವ. ಇಲ್ಲದ್ದನ್ನ ಹುಟ್ಟಿಸ್ತೀನಿ."

ಆಗ ನಂಜಮ್ಮನ ಅಣ್ಣ ಗಂಗಣ್ಣ ಬಂದ. "ನೋಡು ನಂಜೂ, ಮದುವೆ ಮಾಡಿಬಿಡು. ಹೆಂಡ್ತಿ ಬಂದ್ರೆ ಬುದ್ಧಿ ಬರ್ತೈತೆ. ಹುಲಿಯೂರುದುರ್ಗದಲ್ಲಿ ರೈಸ್‌ಮಿಲ್ ಬೋರೇಗೌಡ್ರ ಮಗಳು ಹೇಮಲತ ಅಂತ ಅವಳೆ. ಜಾಣೆ. ಕಂಪ್ಯೂಟರು ಕಲಿತ ಹುಡುಗ ಅಂದ ತಕ್ಷಣ ಒಪ್ಪಿ ಕೂತವ್ರೆ."

ನಂಜಮ್ಮನಿಗೆ ಹೋದ ಜೀವ ಬಂದಂಗಾಯ್ತು. ಜಾಣೆ ಸೊಸೆ! ಇವನಿಗೆ ಹೇಳೋ ಕೆಲಸ ಇನ್ನೊಬ್ಬಳ ತಲೆಗೆ ಹೋಗ್ತೈತೆ! ಗಂಗಣ್ಣ ಸಿದ್ಲಿಂಗನಿಗೆ ಹೇಳಿದ: "ಹುಡುಗಿ ವಿವರ ಕೊಡ್ತೀನಿ, ನಿನ್ನ ವಿವರಾನೂ ಸೇರಿಸಿ ಫೋನಲ್ಲಿ ಹಾಕು. ಎರಡು ಕಡೆ ನೆಂಟರಿಗೂ ಹೋಗೋ ಹಂಗೆ ಮಾಡು." ಅವನು ಹುಡುಗಿಗೊಂದು ಡಬ್ಬ, ತನಗೊಂದು ಡಬ್ಬ ಮಾಡ್ದ. ಹೆಣ್ಣು ನೋಡೋ ದಿನದಿಂದ ಯಾವುದು ಬದಲಾದ್ರೂ ತಾನಾಗೇ ಎಲ್ಲರ ಫೋನಿಗೂ ಹೋಗೋ ಹಂಗೆ ಇಟ್ಟ.

ನಂಜಮ್ಮ ಮಗನ್ನ ಎದುರಿಗೆ ಕೂರಿಸಿಕೊಂಡಳು. ಈ ಸಲ ತಪ್ಪಾಗಬಾರದು.

"ನಿಮ್ಮ ದೊಡ್ಡಪ್ಪನ ಮಗ ತಿಮ್ಮರಾಜೂದು ಒಂದು ಡಬ್ಬ ಮಾಡಿಟ್ಟಿದ್ದೀಯಲ್ಲ, ಅವನ ಗೃಹಪ್ರವೇಶದ ಕರೆಯೋಲೆಗೆ ಅಂತ? ಅದರಲ್ಲಿ ಮನೆತನ ಅಂತ ಐತಲ್ಲ? ಮನೆದೇವ್ರು, ತಾತ, ಮುತ್ತಾತ, ಎಲ್ಲ ನಿಮ್ಮಿಬ್ಬರಿಗೂ ಒಂದೇ. ಅದನ್ನ ನಿಂದಕ್ಕೆ ನಕಲು ಮಾಡು. ಅಲ್ಲಿಂದ ತೆಗೀಬೇಡ! ಒಂದೇ ಡಬ್ಬಿಗೆ ಎರಡು ಬಾಗಿಲು ಇಡಬೇಡ! ಮನೆತನ ಬಿಟ್ಟು ಬೇರೇದು ತರಬೇಡ! ಮನೆತನದ ಒಳಗಿಂದು ಬಿಡಬೇಡ!"

ಎಲ್ಲಾ ತೂತೂ ಮುಚ್ಚಿದೆ ಅಂದುಕೊಂಡಳು ಪಾಪ.

"ಸರಿ ಕಣವ್ವ. ಆದ್ರೆ ಅವನ ಮನೆತನದೊಳಗೆ ಇರೋ ಕೆಲವು ಡಬ್ಬಿ ನನ್ನ ಹತ್ರ ಇಲ್ಲ."

"ಇಲ್ಲದಿದ್ರೆ ಹುಟ್ಟಿಸು ಅಂತ ಎಷ್ಟು ಸಲ ಬಡ್ಕೊಳ್ಳಲಿ!"

"ಸರಿ ಕಣವ್ವ."

ಹುಲಿಯೂರುದುರ್ಗಕ್ಕೆ ಹೋದ್ರು, ತಾಯಿ ಮಗ ಇಬ್ಬರೇ. ಚಾಪೆ ಹಾಸಿದ್ರು, ಕೇಸರಿಬಾತ್ ಕೊಟ್ರು. ಹೇಮಲತ ಬಂದು ನೀರಿಟ್ಟು ಒಳಗೆ ಹೋದಳು. ಮೂಲೇಲಿ ಕಿವಿ ಮಂದ ಆಗಿರೋ ಅಜ್ಜಿ, ಹುಡುಗಿ ಅಪ್ಪನ ತಾಯಿ, ತೂಕಡಿಸ್ತಾ ಕೂತಿದ್ಲು. ನಂಜಮ್ಮ ಮಗನ ಕಿವೀಲಿ, "ನಾನು ಹೇಳೋ ತನಕ ಏನೂ ಮಾಡಬೇಡ" ಅಂದಳು. ಮಗ ಗೋಣು ಹಾಕಿದ.

ಬೋರೇಗೌಡರು ಕನ್ನಡಕ ಏರಿಸಿ, ಫೋನು ತೆಗೆದು, ಎಲ್ಲರಿಗೂ ಕೇಳೋ ಹಂಗೆ ಓದಿದರು.

"ಹುಡುಗ ಸಿದ್ಲಿಂಗ. ಒಳ್ಳೇದು. ತಾತ ಪುಟ್ಟಸಿದ್ದೇಗೌಡ. ಕೇಳಿದ್ದೀನಿ, ದೊಡ್ಡ ಮನುಷ್ಯ. ಹೆಂಡತಿ ಸೌಭಾಗ್ಯ. ಮಕ್ಕಳು ಇಬ್ಬರು, ತನುಶ್ರೀ ಮತ್ತು..."

ನಿಲ್ಲಿಸಿದರು. ನಂಜಮ್ಮ ಕೇಸರಿಬಾತ್ ತಟ್ಟೆ ಕೆಳಗಿಟ್ಟಳು.

"ಏನಮ್ಮ ಇದು? ಎರಡನೇ ಸಂಬಂಧ ಅಂತ ಹೇಳಲೇ ಇಲ್ಲವಲ್ಲ?"

"ಇಲ್ಲ ಗೌಡ್ರೇ! ದೇವರಾಣೆ ಇಲ್ಲ! ಅದು ಇವರಣ್ಣನ ಹೆಂಡ್ತಿ ಮಕ್ಕಳು!"

"ಅಣ್ಣನ ಹೆಂಡ್ತೀನಾ?" ಬೋರೇಗೌಡರ ಕಣ್ಣು ಇನ್ನೂ ದೊಡ್ಡದಾಯ್ತು.

"ಅವು ನನ್ನ ಹತ್ರ ಇರಲಿಲ್ಲ, ಹುಟ್ಟಿಸಿಕೊಂಡೆ" ಅಂತ ಸಿದ್ಲಿಂಗ ವಿವರಿಸಿದ.

"ತೆಗಿಯೋ ಅದನ್ನ! ಈಗಲೇ ತೆಗಿ!" ನಂಜಮ್ಮ ಕೂಗಿದಳು.

"ತೆಗೆದು ಎಲ್ಲಿ ಇಡ್ಲವ್ವ?"

"ಎಲ್ಲಾದ್ರೂ ಇಡು! ನಿನ್ನ ಹತ್ರ ಮಾತ್ರ ಬೇಡ!"

ಸಿದ್ಲಿಂಗ ಫೋನು ತೆಗೆದ. ಅಲ್ಲಿ ಇದ್ದಿದ್ದು ಎರಡೇ ಡಬ್ಬ. ಒಂದು ಅವನದು, ಇನ್ನೊಂದು ಹೇಮಲತಂದು. ಹುಡುಗಿಗೆ ಹೆಂಡತಿ ಯಾಕೆ ಅನ್ನೋ ಅಷ್ಟು ಬುದ್ಧಿ ಅವನಿಗೂ ಇತ್ತು, ಸೌಭಾಗ್ಯನ್ನ ಅಳಿಸಿದ. ಮಕ್ಕಳನ್ನ ಎತ್ತಿ ಹೇಮಲತನ ಡಬ್ಬಕ್ಕೆ ಹಾಕಿದ. "ಮುಗೀತು ಕಣವ್ವ."

ಬೋರೇಗೌಡರ ಫೋನು ಟಿಣ್ ಅಂತು. ಓದಿದರು. "ಹುಡುಗಿ ಹೇಮಲತ. ಗಂಡ ಸಿದ್ಲಿಂಗ. ಮಕ್ಕಳು ಇಬ್ಬರು!"

"ಗಂಡ ಯಾಕ್ಲಾ ಬಂದ?" ನಂಜಮ್ಮ ಹಣೆ ಚಚ್ಚಿಕೊಂಡಳು.

"ಗಂಡ ಇಲ್ಲದೆ ಮಕ್ಕಳು ಹೆಂಗವ್ವ ಇರ್ತಾವೆ? ಗಂಡನ ಡಬ್ಬಿ ಇರಲಿಲ್ಲ, ಹುಟ್ಟಿಸಿದೆ. ಖಾಲಿ ಬಿಡಬಾರದು ಅಂತ ನನ್ನ ಹೆಸರು ಹಾಕಿದೆ."

ಅಷ್ಟರಲ್ಲಿ ಫೋನು ಹೊಡ್ಕೊಳ್ತು. ಮಂಡ್ಯದಿಂದ ಬೋರೇಗೌಡರ ಭಾಮೈದ. "ಏನು ಭಾವ! ಹೇಮಂಗೆ ಎರಡು ಮಕ್ಕಳಾದ್ರೂ ನಮಗೊಂದು ಮಾತು ಹೇಳಲಿಲ್ಲ! ಮದುವೆ ಊಟಕ್ಕೂ ಕರೀಲಿಲ್ಲ!" ಅದು ಇಟ್ಟ ತಕ್ಷಣ ಇನ್ನೊಂದು, ಮದ್ದೂರಿಂದ. ಇನ್ನೊಂದು, ಮಾಗಡಿಯಿಂದ.

ಗಲಾಟೆ ಕೇಳಿ ಮೂಲೆಯ ಅಜ್ಜಿಗೆ ಎಚ್ಚರ ಆಯ್ತು. "ಏನಂತೆ? ಏನಂತೆ?" ಯಾರೋ ಫೋನಲ್ಲಿ ಕಿರುಚಿದ್ದು ಅಷ್ಟೋ ಇಷ್ಟೋ ಕಿವಿಗೆ ಬಿತ್ತು. ಮುಖ ಊರಗಲ ಆಯ್ತು.

"ಮರಿಮಕ್ಕಳಾ? ನಂಗೆ? ಎಲ್ಲಿ ಅವೆ ಕಂದಮ್ಮಗಳು? ಕರ್ಕೊಂಡು ಬನ್ರೋ, ಕೇಸರಿಬಾತ್ ಆರೋಗ್ತೈತೆ!"

ಹಿರಿಯರು ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ? ಸಿದ್ಲಿಂಗ ಎದ್ದು ನಿಂತು ಕೈ ಮುಗಿದ.

"ಸದ್ಯಕ್ಕೆ ಹೆಸರು ಮಾತ್ರ ಅವೆ ಅಜ್ಜಿ, ಮಕ್ಕಳಿಲ್ಲ. ಇಲ್ಲದ್ದನ್ನ ಹುಟ್ಟಿಸು ಅಂತ ನಮ್ಮವ್ವ ಹೇಳವ್ಳೆ. ಹೇಮಲತ ಅವರನ್ನ ಸ್ವಲ್ಪ ಕರೀರಿ!"

ಬೋರೇಗೌಡರು ಬಗ್ಗಿ ಚಪ್ಪಲಿ ಹುಡುಕಿ ಕೈಗೆ ತಗೊಳ್ಳೋ ಹೊತ್ತಿಗೆ ನಂಜಮ್ಮ ಬಸ್‌ಸ್ಟ್ಯಾಂಡ್ ಮುಟ್ಟಿದ್ದಳು. ಹಿಂದೆ ತಿರುಗಿ ನೋಡಿದಳು. ಮಗ ಇಲ್ಲ.

ಅವಳು "ಓಡು" ಅಂತ ಹೇಳಿರಲಿಲ್ಲವಲ್ಲ! ಅವನು ಅಲ್ಲೇ ಚಾಪೆ ಮೇಲೆ ಕೂತಿದ್ದ. ಚಪ್ಪಲಿ ಏಟು ತಿಂತಾ, ಕೇಸರಿಬಾತೂ ತಿಂತಾ, ಅವ್ವ ಮುಂದೇನು ಹೇಳ್ತಾಳೋ ಅಂತ ಕಾಯ್ತಾ.